ಹಲಗೆಯ ಮೇಲೆ ಶೇಖವ್ವ

ರೋಣದ ಗುರುಸಂಗಪ್ಪನನ್ನು ಸಾಹಿತಿಯನ್ನಾಗಿ ಮಾಡಿದ್ದು ಸರಸ್ವತಿಯಲ್ಲ, ನರಗುಂದದ ಈಚೆ ಕೆಟ್ಟು ನಿಂತ ಒಂದು ಕಾರು.

ರಾಜ್ಯೋತ್ಸವಕ್ಕೆಂದು ಓಣಿಯ ಸಂಘದವರು ಧಾರವಾಡದಿಂದ ಒಬ್ಬ ಸಾಹಿತಿಗಳನ್ನು ಕರೆದಿದ್ದರು. ಕಾರು ಕೈಕೊಟ್ಟಿತು, ಸಾಹಿತಿಗಳು ದಾರಿಯಲ್ಲೇ ಉಳಿದರು. ಇಲ್ಲಿ ವೇದಿಕೆಯ ಮೇಲೆ ಖುರ್ಚಿ ಖಾಲಿ, ತಟ್ಟೆಯಲ್ಲಿ ಶಾಲು ಮಡಚಿಟ್ಟಿದೆ, ಹಾರ ಬಾಡುತ್ತಿದೆ. ಸಂಘದವರು ಗಾಬರಿಯಿಂದ ಸುತ್ತ ನೋಡಿದರು. ಮುಂದಿನ ಸಾಲಿನಲ್ಲಿ ಗುರುಸಂಗಪ್ಪ ಕೂತಿದ್ದ. ಪೈಪು, ಮೋಟಾರು ಮಾರುವ ಅಂಗಡಿಯವನು. ಶಾಮಿಯಾನಕ್ಕೆ ಪೈಪು ಪುಕ್ಕಟೆ ಕೊಟ್ಟಿದ್ದರಿಂದ ಆ ಸಾಲು ಸಿಕ್ಕಿತ್ತು. ಮೈಮೇಲೆ ಜುಬ್ಬಾ ಇತ್ತು, ಮೂಗಿನ ಮೇಲೆ ಕನ್ನಡಕ ಇತ್ತು, ಮುಖದ ಮೇಲೆ ನಿದ್ದೆಗಣ್ಣಿನ ಗಾಂಭೀರ್ಯ ಇತ್ತು. ಸಾಹಿತಿ ಎನ್ನಲು ಇನ್ನೇನು ಬೇಕು? ಅವನನ್ನೇ ಮೇಲೆ ಹತ್ತಿಸಿ, "ನಮ್ಮೂರಿನ ಸಾಹಿತಿಗಳಾದ ಶ್ರೀ ಗುರುಸಂಗಪ್ಪನವರು" ಎಂದು ಮೈಕಿನಲ್ಲಿ ಕೂಗಿ, ಶಾಲು ಹೊದಿಸಿ ಕೈತೊಳೆದುಕೊಂಡರು.

ಮನೆಗೆ ಬಂದ ಮೇಲೆ ಶಾಲು ಇಳಿಯಿತು, ಸಾಹಿತಿ ಇಳಿಯಲಿಲ್ಲ. ಅಂಗಡಿಗೆ ಬಂದ ಗಿರಾಕಿಗಳು, "ಏನ್ ಬರಿಯಾಕತ್ತೀರಿ ಸಾಹಿತಿಗಳ?" ಎಂದು ಕೇಳತೊಡಗಿದರು. ಗುರುಸಂಗಪ್ಪ ಹುಟ್ಟಿದಾಗಿನಿಂದ ಬರೆದದ್ದೆಂದರೆ ಅಂಗಡಿಯ ಬಿಲ್ಲು ಮಾತ್ರ. ಆದರೂ, "ದೊಡ್ಡದೊಂದು ನಡದೈತಿ" ಎಂದು ಹೇಳಿ ಸೀಲಿಂಗ್ ಫ್ಯಾನು ನೋಡುತ್ತಿದ್ದ. ಹೇಳಿ ಹೇಳಿ ಅವನಿಗೇ ಅದು ಖರೆ ಅನ್ನಿಸಿತು. ಒಂದು ಸಂಜೆ ಹೆಂಡತಿ ನಿರ್ಮಲಾಳ ಎದುರು ನಿಂತು ಘೋಷಿಸಿಯೇಬಿಟ್ಟ.

"ನಾಳಿಂದ ದಿನಾ ಮುಂಜಾನೆ ಎದ್ದು ಬರಿಯಾಂವ. ಒಂದ ದಿನಾನೂ ತಪ್ಪಂಗಿಲ್ಲ."

ನಿರ್ಮಲಾ ಕಾಳು ಹಸನು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ. "ಹಾರ್ಮೋನಿಯಂ ತಪ್ಪಂಗಿಲ್ಲ ಅಂದಿದ್ರಿ. ಅದರಾಗ ಈಗ ಇಲಿ ಮರಿ ಹಾಕ್ಯಾವ. ವಾಕಿಂಗ್ ಅಂದ್ರಿ, ಬೂಟು ತಂದ್ರಿ, ಬೂಟು ಹಾಕ್ಕೊಂಡು ಸಂತಿಗೆ ಹೋಗಿ ಬದನಿಕಾಯಿ ತಂದ್ರಿ, ಅಲ್ಲಿಗೆ ಮುಗೀತು. ಮನಿ ಮುಂದಿನ ಕಟ್ಟಿ ಅರ್ಧ ಕಟ್ಟಿಸಿ ಬಿಟ್ಟೀರಿ. ಬಂದವರು ಅರ್ಧಾನ ಕುಂಡ್ರತಾರ."

"ಇದು ಹಂಗಲ್ಲ ಅಂತೀನಿ."

"ಹಂಗಂದ್ರ ಕೇಳ್ರಿ. ಒಂದ ದಿನ ತಪ್ಪಿದ್ರೂ ಆ ಕಿಟಕಿ ಹತ್ರ ಇರೂ ಮೇಜು ನಂದು. ನನ್ನ ಹೊಲಿಗಿ ಮಷಿನ್ನು ಕತ್ತಲಾಗ ನೆಲದ ಮ್ಯಾಲೆ ಕುಂತೈತಿ."

ಆ ಮೇಜು ಗುರುಸಂಗಪ್ಪನ ಅಪ್ಪನ ಕಾಲದ ಸಾಗವಾನಿ ಮೇಜು. ಆದರೂ ರಾಜರು ಒಪ್ಪಂದಕ್ಕೆ ಮುದ್ರೆ ಒತ್ತುವ ಠೀವಿಯಲ್ಲಿ, "ಆತು" ಎಂದ. ಅವನಿಗೆ ಮೇಜಿಗಿಂತ ದೊಡ್ಡದೊಂದು ಲೆಕ್ಕ ಚುಕ್ತಾ ಮಾಡುವುದಿತ್ತು, ಅದೂ ರಾಜೂರಿನ ಸೋದರತ್ತೆ ಶೇಖವ್ವನ ಜೊತೆಗೆ.

ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡ ಗುರುಸಂಗಪ್ಪನನ್ನು ಸಾಕಿ ಸಾಲಿಗೆ ಕಳಿಸಿದವಳು ಈ ಶೇಖವ್ವ. ಹೋದ ವರ್ಷ ಗಜೇಂದ್ರಗಡದ ಒಂದು ಮದುವೆಯಲ್ಲಿ, ಊಟದ ಪಂಕ್ತಿಯಲ್ಲಿ, ಬೀಗರು ಬಿಜ್ಜರೆಲ್ಲ ಕೇಳುವಂತೆ ಅವಳು, "ನಮ್ಮ ಗುರುಸಂಗ ಏನ ಹಿಡದ್ರೂ ಅರ್ಧಕ್ಕ ಬಿಡಾಂವ" ಎಂದಿದ್ದಳು. ಪಂಕ್ತಿಯೆಲ್ಲ ನಕ್ಕಿತು. ಗುರುಸಂಗಪ್ಪ ರೋಷದಿಂದ ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟು ಎದ್ದುಹೋದ. ಅದನ್ನು ನೋಡಿ ಪಂಕ್ತಿ ಇನ್ನೊಮ್ಮೆ ನಕ್ಕಿತು. ಅವತ್ತಿನಿಂದ ಅವನು ರಾಜೂರಿನ ದಾರಿ ತುಳಿದಿರಲಿಲ್ಲ, ಅವಳು ಫೋನು ಮಾಡಿರಲಿಲ್ಲ. ಹಟದಲ್ಲಿ ಇಬ್ಬರದೂ ಒಂದೇ ಮನೆತನ. ಒಳಗೊಳಗೇ ಗುರುಸಂಗಪ್ಪನಿಗೆ ಅತ್ತೆಯ ನೆನಪಾಗುತ್ತಿತ್ತು. ಆದರೆ ಒಂದನ್ನಾದರೂ ಪೂರಾ ಮಾಡಿ ತೋರಿಸದೆ ಹೋಗುವುದು ಹೇಗೆ?

ಮರುದಿನ ನಸುಕಿನಲ್ಲೇ ಮೇಜಿನ ಮುಂದೆ ಕೂತ. ಪೆನ್ನು ಹಗುರ ಅನ್ನಿಸಿತು, ಬದಲಿಸಿದ. ಖುರ್ಚಿ ಕಿರ್ ಎಂದಿತು, ಎಣ್ಣೆ ಹಾಕಿದ. ಎಣ್ಣೆ ಕೈಗಾಯಿತು, ತೊಳೆದುಕೊಂಡ. ಚಹಾ ಬೇಕೆನ್ನಿಸಿತು, ಕುಡಿದ. ಎಲ್ಲ ಸಿದ್ಧವಾದ ಮೇಲೆ "ಸೂರ್ಯ ಉದಯಿಸಿದನು" ಎಂದು ಬರೆದು ಕಿಟಕಿಯಾಚೆ ನೋಡಿದ. ಸೂರ್ಯ ಇನ್ನೂ ಉದಯಿಸಿರಲಿಲ್ಲ. ಸುಳ್ಳು ಬರೆಯುವ ಮನುಷ್ಯ ಅವನಲ್ಲ. ಸೂರ್ಯನ ದಾರಿ ಕಾಯುತ್ತ ಕೂತ. ಉದಯಿಸುವ ಹೊತ್ತಿಗೆ ಅಂಗಡಿ ತೆರೆಯುವ ವೇಳೆ ಆಯಿತು. ಮರುದಿನ "ಸೂರ್ಯ ಮತ್ತೆ ಉದಯಿಸಿದನು" ಎಂದಾಯಿತು. ಅದರ ಮರುದಿನ ಮೋಡ ಇತ್ತು, ಏನೂ ತೋಚಲಿಲ್ಲ, ಕೊನೆಗೆ "ಸೂರ್ಯ ಉದಯಿಸಿರಬಹುದು" ಎಂದು ಬರೆದು ಎದ್ದ.

ನಿರ್ಮಲಾ ಮೂರನ್ನೂ ಓದಿದಳು. "ಸೂರ್ಯಾನ ನಿಮಗಿಂತ ಚಲೋ ರೀ. ಅಂವ ದಿನಾ ತನ್ನ ಕೆಲಸಾನರ ಮಾಡ್ತಾನ" ಎಂದು ಹೇಳಿ, ಟೇಪು ತಂದು ಮೇಜಿನ ಅಗಲ ಅಳೆದಳು.

ಆಪತ್ತಿನಲ್ಲಿ ಮನುಷ್ಯ ದೇವರ ಮೊರೆ ಹೋಗುವ ಕಾಲ ಮುಗಿದಿದೆ. ಗುರುಸಂಗಪ್ಪ ಮೊಬೈಲಿನ ಮೊರೆ ಹೋದ. ಅದರಲ್ಲಿ ಗಡ್ಡ ಬಿಟ್ಟ ಒಬ್ಬರು, "ಬರೆಯಲು ಆಗುತ್ತಿಲ್ಲವೇ? ಕೋಣೆಯಲ್ಲಿ ಕೂತು ಬರೆಯಬೇಡಿ. ಜನರ ಕಣ್ಣೆದುರು ಬರೆಯಿರಿ. ಮಾನ ಹೋಗುವ ಭಯ ಬಂದರೆ ಬರಹ ತಾನಾಗಿ ಬರುತ್ತದೆ" ಎಂದು ಉಪದೇಶ ಮಾಡುತ್ತಿದ್ದರು. ಗುರುಸಂಗಪ್ಪನಿಗೆ ತಟ್ಟನೆ ಹೊಳೆದದ್ದು ಓಣಿಯ ಕಟ್ಟೆಯ ಕರಿಹಲಗೆ.

ಈ ಹಲಗೆಯ ವಿಷಯ ಸ್ವಲ್ಪ ಹೇಳಬೇಕು. ಒಂದು ಕಾಲದಲ್ಲಿ ನೀರು ಬಿಡುವ ಹೊತ್ತು, ಕರೆಂಟು ಹೋಗುವ ಹೊತ್ತು, ಭಜನೆ, ಪುರಾಣ ಎಲ್ಲವನ್ನೂ ಅದರ ಮೇಲೆ ಬರೆಯುತ್ತಿದ್ದರು. ಮೊಬೈಲು ಬಂದ ಮೇಲೆ ಆ ಸುದ್ದಿಗಳೆಲ್ಲ ಅದರೊಳಗೆ ಹೋದವು. ಸಾವಿನ ಸುದ್ದಿ ಮಾತ್ರ ಹಲಗೆಯ ಮೇಲೇ ಉಳಿಯಿತು. ಮೊಬೈಲಿನಲ್ಲಿ ಸತ್ತವರು ಸಂಜೆಗೆ ಎದ್ದು ಬರುವುದುಂಟು, ಹಲಗೆಯ ಮೇಲೆ ಬಂದವರು ಯಾರೂ ಎದ್ದು ಬಂದಿರಲಿಲ್ಲ. ಹಾಗಾಗಿ ಓಣಿಯವರಿಗೆ ಅದರ ಮೇಲೆ ಭಾಳ ಭರವಸೆ. ಹಲಗೆ ಖಾಲಿ ಇದ್ದರೆ ನೆಮ್ಮದಿಯಿಂದ ದಾಟಿ ಹೋಗುವರು. ಏನಾದರೂ ಬರೆದಿದ್ದರೆ ಚಪ್ಪಲಿ ಬಿಟ್ಟು, ಮೇಲೆ ಸತ್ತವರ ಹೆಸರು ಓದಿ, ಕೆಳಗೆ ಮನೆಯವರ ಹೆಸರು ಓದಿ, ಕೈಮುಗಿದು, ಆ ಮನೆಯ ಕಡೆ ನಡೆಯುವರು. ನಡುವೆ ಬರೆದದ್ದನ್ನು ಯಾರೂ ಓದುತ್ತಿರಲಿಲ್ಲ. ಸತ್ತವರೆಲ್ಲ ಒಳ್ಳೆಯವರೇ ಎಂಬುದು ಅವರಿಗೆ ಗೊತ್ತಿತ್ತು.

ಹಲಗೆಯ ಉಸ್ತುವಾರಿ ನಿವೃತ್ತ ಪೋಸ್ಟ್‌ಮಾಸ್ತರ ಅನಂತರಾಯರದು. ಸೀಮೆಸುಣ್ಣದ ಡಬ್ಬಿಗೂ ಕೀಲಿ ಹಾಕಿ ಇಡುವ ಶಿಸ್ತಿನ ಮನುಷ್ಯ. ಗುರುಸಂಗಪ್ಪನ ಬೇಡಿಕೆ ಕೇಳಿ ಅವರು ಡಬ್ಬಿಯ ಕೀಲಿ ಕೈಗೆ ತೆಗೆದುಕೊಂಡರು.

"ಬರೀರಿ, ಬ್ಯಾಡ ಅನ್ನೂದಿಲ್ಲ. ಆದ್ರ ಮ್ಯಾಲೆ 'ದಿನದ ಬರಹ' ಅಂತ ತಲೆಬರಹ ಹಾಕಲಿಕ್ಕೇ ಬೇಕು. ಇದು ಮಂದಿ ನಂಬೋ ಹಲಗಿ ಅದ ನೋಡ್ರಿ."

"ಅದಕ್ಕೇನ್ರಿ, ಹಾಕಿದ್ರಾತು."

ಸೋಮವಾರ ನಸುಕಿನಲ್ಲಿ ಸೀಮೆಸುಣ್ಣ ಹಿಡಿದು ಹಲಗೆಯ ಮುಂದೆ ನಿಂತ. ಏನೂ ಹೊಳೆಯಲಿಲ್ಲ. ಸೂರ್ಯನನ್ನು ಇನ್ನೊಮ್ಮೆ ಎಬ್ಬಿಸೋಣವೇ ಎಂದುಕೊಳ್ಳುವಷ್ಟರಲ್ಲಿ ಪಕ್ಕದ ಶರೀಫಾಬಿಯ ಮನೆಯಿಂದ ಪಟ ಪಟ ಎಂದು ರೊಟ್ಟಿ ಬಡಿಯುವ ಸಪ್ಪಳ ಬಂತು. ಗುರುಸಂಗಪ್ಪನಿಗೆ ರಾಜೂರಿನ ಅಡುಗೆಮನೆ ನೆನಪಾಯಿತು. ಒಲೆಯ ಮುಂದೆ ಕೂತ ಅತ್ತೆಯ ಬೆನ್ನು ನೆನಪಾಯಿತು. ಕೈ ತಾನಾಗಿಯೇ ಓಡಿತು. ಬರೆದು ಮುಗಿಸಿದಾಗ ಹಲಗೆಯ ಮೇಲೆ ಇಷ್ಟಿತ್ತು:

ಶೇಖವ್ವ

ರಾಜೂರಿನ ನನ್ನ ಸೋದರತ್ತೆ. ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು. ನಾನು ಸಾಲಿಯಿಂದ ಬರುವ ಹೊತ್ತಿಗೆ ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಮೊದಲನೆಯ ರೊಟ್ಟಿ ದೇವರಿಗೆ ಎನ್ನುತ್ತಿದ್ದಳು, ನನ್ನ ತಟ್ಟೆಗೆ ಹಾಕುತ್ತಿದ್ದಳು. ಬೈಯದೆ ಒಂದು ದಿನವೂ ಉಣಿಸಲಿಲ್ಲ, ಉಣಿಸದೆ ಒಂದು ದಿನವೂ ಬೈಯಲಿಲ್ಲ. ಅಂಥ ಕೈ ಇನ್ನೊಂದಿಲ್ಲ.

ಗುರುಸಂಗಪ್ಪ, ರೋಣ

ಶೇಖವ್ವ ಎಂಬ ಹೆಸರನ್ನು ದೊಡ್ಡಕ್ಷರದಲ್ಲಿ ಬರೆದಿದ್ದ. ತಲೆಬರಹವನ್ನು ಕೊನೆಗೆ ಹಾಕೋಣ ಎಂದುಕೊಂಡಿದ್ದ, ನೋಡಿದರೆ ಮೇಲೆ ಒಂದು ಬೆರಳಿನಷ್ಟು ಜಾಗ ಉಳಿದಿತ್ತು. ಅಲ್ಲಿ ಅಕ್ಷರ ಹಿಡಿಯುವುದಿಲ್ಲವೆಂದು ಚಂದ ಕಾಣಲಿ ಅಂತ ಒಂದು ಹೂಬಳ್ಳಿ ಬಿಡಿಸಿದ. ಆಮೇಲೆ ಮನೆಗೆ ಬಂದು, ಲೇಖಕರಿಗೆ ಏಕಾಂತ ಬೇಕೆಂದು ಫೋನು ಬಂದ್ ಮಾಡಿ, ಜೀವನದಲ್ಲಿ ಮೊದಲ ಬಾರಿ ಒಂದು ಕೆಲಸ ಪೂರ್ತಿ ಮಾಡಿದವನ ಸುಖದಲ್ಲಿ ಗೊರಕೆ ಹೊಡೆದ.

ಎಬ್ಬಿಸಿದವಳು ನಿರ್ಮಲಾ. ಅವಳ ಮುಖದಲ್ಲಿ ಹಿಂದೆಂದೂ ಕಾಣದ ಒಂದು ಮರ್ಯಾದೆ ಇತ್ತು.

"ರೀ, ನೀವು ಅದೇನ ಬರದೀರಿ? ಶರೀಫಾಬಿ ಆಪಾ ಅಳಕೋತ ಬಂದಾಳ. ಇವತ್ತ ಒಲಿ ಹಚ್ಚಬ್ಯಾಡ, ನಿನ್ನ ಗಂಡಗ ಒಂದ ತುತ್ತರ ಉಣಸು ಅಂತ ಡಬ್ಬಿ ತುಂಬ ಅನ್ನ ಸಾರು ತಂದಾಳ."

ಗುರುಸಂಗಪ್ಪ ದಡಬಡಿಸಿ ಎದ್ದು ಕೂತ. "ಅತ್ಲಾ? ಖರೇನ ಅತ್ಲಾ?"

"ಸೆರಗಿಲೆ ಕಣ್ಣ ಒರಸ್ಕೊಂಡ್ಲು. ಹಲಗಿ ನೋಡಿ ಎದಿ ಝಲ್ಲಂತು ಅಂದ್ಲು."

ಹೊರಗೆ ಬಂದು ನೋಡಿದರೆ ಅರ್ಧ ಕಟ್ಟಿದ ಕಟ್ಟೆಯ ಮೇಲೆ ಜನ ಕೂತಿದ್ದರು. ಜಾಗ ಸಾಲದವರು ನಿಂತಿದ್ದರು. ಯಾರೂ ಮಾತಾಡಲಿಲ್ಲ. ನಮ್ಮ ಕಡೆ ಸಾವಿನ ಮನೆಗೆ ಮಾತಾಡಿಸಲು ಹೋದವರು ಸುಮ್ಮನೆ ಕೂಡುವುದೇ ರೀತಿ, ಸತ್ತರು ಎಂಬ ಮಾತನ್ನು ಯಾರೂ ಮೊದಲು ತೆಗೆಯುವುದಿಲ್ಲ. ಗುರುಸಂಗಪ್ಪ ಆ ಮೌನವನ್ನು ನೋಡಿ, ಒಳ್ಳೆಯ ಸಾಹಿತ್ಯ ಓದಿದ ಮೇಲೆ ಹೀಗೇ ಆಗುತ್ತದೆ ಎಂದುಕೊಂಡ. ಅನಂತರಾಯರು ಮುಂದೆ ಬಂದು ಅವನ ಎರಡೂ ಕೈ ಹಿಡಿದುಕೊಂಡರು. ಅವರಿಗಾದರೂ ಗೊತ್ತಾಗಬೇಕಿತ್ತಲ್ಲ ಎಂದು ನೀವು ಕೇಳಬಹುದು. ಆದರೆ ಅವರು ನಿಯಮದ ಮನುಷ್ಯ. ತಲೆಬರಹ ಇಲ್ಲ, ಅಂದಮೇಲೆ ಇದು ಬರಹವಲ್ಲ. ಬರಹವಲ್ಲ, ಅಂದಮೇಲೆ ಸುದ್ದಿ. ಹಾಗೆಂದು ತೀರ್ಮಾನಿಸಿ ಹಲಗೆಯ ಫೋಟೋ ತೆಗೆದು ಊರಿನ ಗುಂಪುಗಳಿಗೆಲ್ಲ ತಾವೇ ಕಳಿಸಿ ಬಂದಿದ್ದರು.

"ಬರೀಲಿಕ್ಕೆ ಸುರು ಮಾಡಿದ ದಿನಾನ ಹಿಂಗ ಆಗಬಾರದಿತ್ತು ನೋಡ್ರಿ," ಎಂದರು.

"ನನಗೂ ಆಶ್ಚರ್ಯ ಆತ್ರಿ. ಇಷ್ಟ ಲಗೂ ಆಗತೈತಿ ಅಂತ ತಿಳದಿದ್ದಿಲ್ಲ."

"ಭಾಳ ತ್ರಾಸ ಆತೇನು?"

"ಛೇ, ಏನೂ ಇಲ್ರಿ. ಹಗುರಕ ಮುಗದ ಹೋತು."

"ಪುಣ್ಯವಂತರು," ಎಂದು ರಾಯರು ನಿಟ್ಟುಸಿರು ಬಿಟ್ಟರು. ಗುರುಸಂಗಪ್ಪ ಅದನ್ನು ತನಗೇ ಅಂದದ್ದೆಂದು ತಿಳಿದು ನಾಚಿಕೊಂಡ.

ಒಬ್ಬೊಬ್ಬರೇ ಬಂದರು, ಕೂತರು, ಎದ್ದರು, ಹೋಗಿ ಬರುತ್ತೇವೆ ಎಂದು ಹೇಳದೆ ಹೋದರು. ಸಾವಿನ ಮನೆಯಲ್ಲಿ ಹಾಗೆ ಹೇಳಬಾರದು. ಗುರುಸಂಗಪ್ಪ ಮಾತ್ರ, ಪಾಪ, ಎಷ್ಟು ಮನಸ್ಸು ಕಲಕಿದೆ ಅಂದರೆ ಹೇಳಿ ಹೋಗುವುದನ್ನೂ ಮರೆತರು ಎಂದು ಕನಿಕರಪಟ್ಟ. ಒಳಗೆ ನಿರ್ಮಲಾ ಮೇಜು ಒರೆಸಿ, ಅವನ ಪೆನ್ನನ್ನು ನಡುವೆ ಇಟ್ಟು, ಅಳತೆಯ ಟೇಪನ್ನು ಹೊಲಿಗೆ ಮಷಿನ್ನಿನ ಖಾನೆಯಲ್ಲಿ ಹಾಕಿದಳು.

ಅಷ್ಟರಲ್ಲಿ ಕಳಕೇಶ ಬೈಕಿನಲ್ಲಿ ಬಂದ. ಬಸ್ ಸ್ಟ್ಯಾಂಡಿನ ಹತ್ತಿರ ಫ್ಲೆಕ್ಸ್ ಪ್ರಿಂಟ್ ಮಾಡುವವನು. ಹುಟ್ಟುಹಬ್ಬದ ಶುಭಾಶಯಕ್ಕೂ ಶ್ರದ್ಧಾಂಜಲಿಗೂ ಹಿಂದಿನ ಬಣ್ಣ ಒಂದೇ ಇಡುತ್ತಾನೆ ಎಂಬುದನ್ನು ಬಿಟ್ಟರೆ ಒಳ್ಳೆಯ ಹುಡುಗ.

"ಅಣ್ಣಾ, ನೀವು ಯಾವ ಚಿಂತಿನೂ ಮಾಡಬ್ಯಾಡ್ರಿ. ಫ್ಲೆಕ್ಸ್ ನಾನ ಮಾಡಸೇನಿ. ಬಸ್ ಸ್ಟ್ಯಾಂಡಿಗೊಂದು, ಕಟ್ಟಿಗೊಂದು."

ಗುರುಸಂಗಪ್ಪ ಬೈಕಿನ ಹತ್ತಿರ ಸರಿದ. ಮೊದಲನೆಯ ದಿನದ ಬರಹವೇ ಫ್ಲೆಕ್ಸ್ ಆಗುವುದೆಂದರೆ! "ದೊಡ್ಡಕ್ಷರದಾಗ ಹಾಕೀಯೇನೋ?"

"ಭಾಳ ದೊಡ್ಡಕ್ಷರದಾಗ. ಫೋಟೋನೂ ಐತಿ. ಗಜೇಂದ್ರಗಡದ ಮದುವ್ಯಾಗ ತಗದದ್ದು. ಹೋಳಗಿ ತಿನ್ನೂ ಮುಂದ ತಗದಾರ, ಒಂದ ಗಲ್ಲ ಉಬ್ಬೇತಿ, ಸರಿ ಮಾಡೇನಿ. ಕೆಳಗಷ್ಟ ಜಾಗಾ ಬಿಟ್ಟೀನಿ. ಮಣ್ಣು ಎಷ್ಟೊತ್ತಿಗಿ ಅಂತ ಹಾಕ್ಲಿ?"

ಮಣ್ಣು ಎಂದರೆ ನಮ್ಮ ಕಡೆ ಹೊಲದ ಮಣ್ಣೂ ಹೌದು. ಆದರೆ ಎಷ್ಟೊತ್ತಿಗೆ ಎಂದು ಕೇಳಿದರೆ ಅದು ಅಂತ್ಯಕ್ರಿಯೆ ಮಾತ್ರ. ಗುರುಸಂಗಪ್ಪ ಕಳಕೇಶನ ಮುಖ ನೋಡಿದ. ಕಟ್ಟೆಯ ಮೇಲೆ ಕೂತವರ ಮುಖ ನೋಡಿದ. ಶರೀಫಾಬಿಯ ಡಬ್ಬಿ ನೋಡಿದ. ಇಡೀ ಮುಂಜಾನೆ ಒಂದೊಂದಾಗಿ ಅವನ ತಲೆಯೊಳಗೆ ತಿರುಗಿ ಬಂತು. ಒಳಗೆ ಓಡಿದ.

"ನಿರ್ಮಲಾ, ಇವರೆಲ್ಲಾ ಶೇಖವ್ವತ್ತಿ ಸತ್ತಾಳ ಅಂತ ತಿಳದಾರ!"

ನಿರ್ಮಲಾ ಚಹಾದ ತಟ್ಟೆ ಕೆಳಗಿಟ್ಟಳು. "ಅಂದ್ರ ನಿಮ್ಮ ಬರವಣಿಗಿ ಓದಿ ಅತ್ತದ್ದಲ್ಲ?"

"ಅಲ್ಲ."

"ನನಗ ಆಗಲೇ ಡೌಟ್ ಬಂದಿತ್ತು," ಎಂದು ಟೇಪನ್ನು ಖಾನೆಯಿಂದ ಹೊರಗೆ ತೆಗೆದಳು. "ಮೊದ್ಲ ಹೋಗಿ ಮಂದಿಗೆ ಖರೆ ಹೇಳ್ರಿ."

ಹೇಳಬೇಕೆಂದು ಹೊರಗೆ ಬಂದರೆ ಭಜನೆ ಸುರುವಾಗಿತ್ತು. ನರಗುಂದದಿಂದ ನಿರ್ಮಲಾಳ ತವರಿನವರು ಟೆಂಪೋ ಮಾಡಿಕೊಂಡು ಬಂದು ಇಳಿಯುತ್ತಿದ್ದರು. ಹೆಂಗಸರು ಆಗಲೇ ತಲೆಯ ಮೇಲೆ ಸೆರಗು ಹೊದ್ದಿದ್ದರು. ತಾಳ, ದಮ್ಮಡಿಗಳ ನಡುವೆ ಗುರುಸಂಗಪ್ಪ ಎರಡೂ ಕೈ ಎತ್ತಿ, "ಶೇಖವ್ವ ಬದಕ್ಯಾಳ್ರೀ! ಬದಕ್ಯಾಳ!" ಎಂದು ಕೂಗಿದ.

ಅವನ ಮಾವ ಬಂದು ಅವನನ್ನು ಬಿಗಿಯಾಗಿ ತಬ್ಬಿಕೊಂಡು, "ಹೌದಪ್ಪಾ ಹೌದು, ನಮ್ಮೆಲ್ಲಾರ ಎದಿಯಾಗ ಬದಕ್ಯಾಳ. ಸಮಾಧಾನ ಮಾಡ್ಕೊ" ಎಂದರು. ಭಜನೆಯವರು ಆ ಮಾತಿಗೆ ಇನ್ನೂ ಜೋರಾಗಿ ತಾಳ ಕುಟ್ಟಿದರು.

ಗುರುಸಂಗಪ್ಪ ಫೋನು ಚಾಲೂ ಮಾಡಿ ಅತ್ತೆಗೆ ಹಚ್ಚಿದ. ರಿಂಗಾಯಿತು. ಎತ್ತಲಿಲ್ಲ. ಮತ್ತೆ ಹಚ್ಚಿದ. ಎತ್ತಲಿಲ್ಲ. ಈಗ ಗುರುಸಂಗಪ್ಪನಿಗೆ ನಿಜವಾದ ಹೆದರಿಕೆ ಹತ್ತಿತು. ಹಲಗೆಯ ಮೇಲೆ ಬಂದವರು ಎದ್ದು ಬಂದಿಲ್ಲ ಎಂಬ ಮಾತು ನೆನಪಾಯಿತು. ತಾನು ಬರೆದದ್ದೇ ಖರೆ ಆಗಿಬಿಟ್ಟಿದ್ದರೆ? ಒಂದು ವರ್ಷ ಹಟ ಹಿಡಿದು ಕೂತು, ಅವಳಿಗೆ ಒಂದು ಮಾತೂ ಆಡದೆ, ಊರಿಗೆಲ್ಲ ಹಲಗೆಯ ಮೇಲೆ ಬರೆದು ತೋರಿಸಿದೆನಲ್ಲ ಎಂದು ತನ್ನನ್ನೇ ಬೈದುಕೊಂಡ. ಮೂಲೆಯಲ್ಲಿ ನಿಂತು, ಆ ಮುಂಜಾನೆ ಅತ್ತವರಲ್ಲಿ ಎಲ್ಲರಿಗಿಂತ ಖರೆಯಾಗಿ, ಅವನು ಅತ್ತುಬಿಟ್ಟ.

ಆಗ ಓಣಿಯ ತುದಿಯಿಂದ ಭಜನೆಯನ್ನೂ ಮೀರಿಸುವ ಒಂದು ಹಾಡು-ಅಳು ಕೇಳಿಸಿತು. ನಮ್ಮ ಕಡೆಯ ಹಳೆಯ ಹೆಂಗಸರು ಸತ್ತವರ ಗುಣಗಳನ್ನು ಒಂದೊಂದಾಗಿ ಹಾಡಿಕೊಂಡು ಅಳುತ್ತಾರೆ, ಆ ತರಹದ್ದು.

"ಯಪ್ಪಾ ನನ್ನ ಗುರುಸಂಗಾ! ಬಂಗಾರದಂಥಾ ಕೂಸ ಇದ್ದೆಲ್ಲೋ! ಬಡದ್ರೂ ತಿರುಗಿ ಮಾತಾಡಲಿಲ್ಲಲ್ಲೋ! ನಾ ಹಾಕಿದ ರೊಟ್ಟಿಗೆ ಒಂದ ದಿನ ಹೆಸರ ಇಡಲಿಲ್ಲಲ್ಲೋ! ಹಾರ್ಮೋನಿ ಅರ್ಧಕ್ಕ ಬಿಟ್ಟಿ, ಕಟ್ಟಿ ಅರ್ಧಕ್ಕ ಬಿಟ್ಟಿ, ಹೋಳಗಿ ಅರ್ಧಕ್ಕ ಬಿಟ್ಟಿ, ಬಾಳೇನೂ ಅರ್ಧಕ್ಕ ಬಿಟ್ಟ್ಯಾ ನನ್ನಪ್ಪಾ!"

ಶೇಖವ್ವ! ಎದೆ ಬಡಿದುಕೊಳ್ಳುತ್ತ ಬರುತ್ತಿದ್ದಳು. ಆದದ್ದು ಇಷ್ಟು. ಹಲಗೆಯ ಫೋಟೋ ಮೊಬೈಲಿನಲ್ಲಿ ರಾಜೂರಿಗೂ ಮುಟ್ಟಿತ್ತು. ಅಲ್ಲಿಯವರು ಮೇಲಿನ ಹೆಸರು ಓದಿದರು. ಶೇಖವ್ವ ಕಣ್ಣೆದುರೇ ಅಂಗಳ ಕಸಗುಡಿಸುತ್ತಿದ್ದಳು. ಹಲಗೆ ಸುಳ್ಳು ಹೇಳುವುದಿಲ್ಲ, ಅಂದಮೇಲೆ ಸತ್ತವನು ಕೆಳಗಿನ ಹೆಸರಿನವನೇ ಇರಬೇಕು ಎಂದು ಲೆಕ್ಕ ಹಾಕಿ ಅವಳಿಗೆ ಸುದ್ದಿ ಮುಟ್ಟಿಸಿದರು. ಅವಳು ಕಸಬರಿಗೆ ಅಲ್ಲೇ ಎಸೆದು, ಫೋನು ಮನೆಯಲ್ಲೇ ಬಿಟ್ಟು, ಸಿಕ್ಕ ಬಸ್ಸು ಹತ್ತಿದ್ದಳು.

ಭಜನೆ ನಿಂತಿತು. ಕಟ್ಟೆಯ ಮೇಲೆ ಕೂತವರು ಒಬ್ಬರನ್ನೊಬ್ಬರು ಹಿಡಿದುಕೊಂಡು ಎದ್ದು ನಿಂತರು. ಅನಂತರಾಯರ ಬಾಯಿ ತೆರೆದದ್ದು ಮುಚ್ಚಲಿಲ್ಲ. ಬಾಗಿಲಲ್ಲಿ ಗುರುಸಂಗಪ್ಪ ಕಣ್ಣು ಒರೆಸಿಕೊಳ್ಳುತ್ತ ನಿಂತಿದ್ದ. ಶೇಖವ್ವ ಅವನನ್ನು ನೋಡಿ ಹಾಡನ್ನು ನಡುವೆಯೇ ನಿಲ್ಲಿಸಿದಳು.

"ಅಯ್ಯ ನಿನ್ನ ಬಾಯಾಗ ಮಣ್ಣ ಹಾಕಾ! ಬದಕೀಯಲ್ಲೋ!"

"ನೀನೂ ಬದಕೀಯಲ್ಲ ಅತ್ತೀ!"

"ನನಗೇನ ಧಾಡಿ ಆಗೇತಿ ಸಾಯಾಕ?"

ಓಡಿ ಬಂದು ಅವನ ಬೆನ್ನಿಗೆ ಎರಡು ಗುದ್ದಿದಳು. ಮೂರನೆಯದಕ್ಕೆ ಎತ್ತಿದ ಕೈಯಿಂದ ಅವನನ್ನು ತಬ್ಬಿಕೊಂಡಳು. ನೋಡುತ್ತಿದ್ದವರು ಈಗ ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಮಾಡಿದರು.

ಸುದ್ದಿಯ ಮೂಲ ಹಲಗೆ ಎಂದು ಗೊತ್ತಾದ ಮೇಲೆ ಶೇಖವ್ವ ಹಲಗೆಯ ಕಟ್ಟೆಗೆ ನಡೆದಳು, ಹಿಂದೆ ಇಡೀ ಓಣಿ. ಅವಳಿಗೆ ಓದಲು ಬರುವುದಿಲ್ಲ. ನಿರ್ಮಲಾ ಓದಿ ಹೇಳಿದಳು. ಬರೆದವನನ್ನು ಬಿಟ್ಟರೆ ಹಲಗೆಯ ನಡುವಿನ ಸಾಲುಗಳನ್ನು ಯಾರಾದರೂ ಓದಿದ್ದು, ಕೇಳಿದ್ದು ಅದೇ ಮೊದಲು. "ಮೊದಲನೆಯ ರೊಟ್ಟಿ ದೇವರಿಗೆ ಎನ್ನುತ್ತಿದ್ದಳು, ನನ್ನ ತಟ್ಟೆಗೆ ಹಾಕುತ್ತಿದ್ದಳು" ಎಂಬಲ್ಲಿ ನಿರ್ಮಲಾಳ ದನಿ ಸ್ವಲ್ಪ ತಡವರಿಸಿತು. ಶರೀಫಾಬಿ ಮತ್ತೆ ಸೆರಗು ಕಣ್ಣಿಗೆ ಹಚ್ಚಿದಳು. ಈ ಸಲ ಅದು ಬರಹಕ್ಕೇ.

"ಇನ್ನೊಮ್ಮೆ ಓದವ್ವಾ," ಎಂದಳು ಶೇಖವ್ವ.

ಎರಡನೆಯ ಸಲ ಕೇಳಿ, ಮೂಗು ಸೀನಿ, "ಬೈತಿದ್ಲು ಅಂತ ಎರಡೆರಡ ಸಲಾ ಬರದಾನ, ರೊಟ್ಟಿ ಜೋಡಿ ಕೊಡತಿದ್ದ ಶೇಂಗಾ ಹಿಂಡಿ ಸುದ್ದಿನ ಇಲ್ಲ" ಎಂದು ತಕರಾರು ತೆಗೆದಳು. ಆಮೇಲೆ ಜನರ ಕಡೆ ತಿರುಗಿ, "ಬದಕಿದ್ದಾಕಿನ್ನ ಹೊಗಳಿದ್ರ ಸತ್ತಾಳ ಅಂತೀರಲ್ರೋ! ನಿಮ್ಮೂರಾಗ ಇದ್ದವರಿಗೆ ಯಾರೂ ಒಂದ ಚಲೋ ಮಾತ ಆಡೂದ ಇಲ್ಲೇನ?" ಎಂದು ಕೇಳಿದಳು. ಗುರುಸಂಗಪ್ಪ ಸತ್ತನೆಂದು ಅವಳು ದಾರಿಯಲ್ಲಿ ಅವನನ್ನು ಹೊಗಳಿ ಹಾಡಿದ್ದೂ ಎಲ್ಲರಿಗೆ ನೆನಪಿತ್ತು, ಆದರೆ ಅದನ್ನು ಎತ್ತುವ ಧೈರ್ಯ ಯಾರಿಗೂ ಆಗಲಿಲ್ಲ.

ಕಳಕೇಶ ಸುರುಳಿ ಸುತ್ತಿದ ಫ್ಲೆಕ್ಸ್ ಹಿಡಿದು, "ಇದನ್ನೇನ ಮಾಡ್ಲಿ ಅಮ್ಮಾ?" ಎಂದ.

"ಬಿಚ್ಚು ನೋಡೂಣು." ನೋಡಿದಳು. "ಇರಲಿ, ಜ್ವಾಕಿ ಇಟ್ಟಿರು. ವ್ಯಾಳ್ಯಾ ಬಂದಾಗ ಉಪಯೋಗ ಆಗತೈತಿ. ಫೋಟೋ ಅಷ್ಟ ಬದಲ ಮಾಡು, ಕಿವ್ಯಾಗಿನ ಬುಗುಡಿ ಕಾಣವಲ್ದು."

ಅನಂತರಾಯರು ಮಾತ್ರ ಸಿಟ್ಟಿನಲ್ಲಿದ್ದರು. ಹಲಗೆಯ ಮಾನವೇ ಹೋಗಿತ್ತು. "ಗುರುಸಂಗಪ್ಪನವರ, ತಲೆಬರಹ ಹಾಕ್ರಿ ಅಂತ ಬಡಕೊಂಡೆ. ಇನ್ನ ಮ್ಯಾಲೆ ನೀವು ಈ ಹಲಗಿ ಮುಟ್ಟೂಹಂಗಿಲ್ಲ."

"ಆತ್ರಿ ರಾಯರ, ಖರೇ ಐತಿ ನಿಮ್ಮ ಮಾತು. ಇನ್ನ ಬರಿಯೂದ ಬ್ಯಾಡ," ಎಂದು ಗುರುಸಂಗಪ್ಪ ಕೂಡಲೇ ಒಪ್ಪಿಕೊಂಡ. ನಿಜ ಹೇಳಬೇಕೆಂದರೆ ಒಳಗೆ ಒಂದು ಭಾರ ಇಳಿದಂತಾಗಿತ್ತು. ಬಿಡಲು ಇಷ್ಟು ಗಟ್ಟಿ ನೆಪ ಅವನಿಗೆ ಹಿಂದೆ ಎಂದೂ ಸಿಕ್ಕಿರಲಿಲ್ಲ.

ಶೇಖವ್ವ ಮೆಲ್ಲಗೆ ಅವನ ಕಡೆ ತಿರುಗಿದಳು. "ಬಿಟ್ಯಾ?"

ಗುರುಸಂಗಪ್ಪ ನೆಲ ನೋಡಿದ.

"ಒಂದ ದಿನ ಬರದು ಬಿಟ್ಯಾ? ರಾಯರ, ಸೀಮಿಸುಣ್ಣ ಕೊಡ್ರಿ ಇಲ್ಲೆ." ರಾಯರು ಯಾರಿಗೂ ಕೊಡದ ಡಬ್ಬಿಯನ್ನು ಕೀಲಿ ತೆಗೆದು ಕೊಟ್ಟರು. ಅವಳು ಅದನ್ನು ಗುರುಸಂಗಪ್ಪನ ಕೈಯಲ್ಲಿಟ್ಟಳು. "ಬೇಕಾದಷ್ಟ ದೊಡ್ಡದು ತಲಿಬರಹ ಹಾಕ್ಕೊ. ಆದ್ರ ದಿನಾ ಬರಿ. ಮುಂಜಾನಿ ರಾಜೂರಿಗೆ ಬರೂ ಬಸ್ಸಿನ ಕಂಡಕ್ಟರ್ ನನಗ ಹೇಳ್ತಾನ. ಹಲಗಿ ಖಾಲಿ ಐತಿ ಅಂದಾ ಅಂದ್ರ ನೀ ಸತ್ತೀ ಅಂತನ ತಿಳಕೊಂಡು ಇವತ್ತಿನಂಗ ಹಾಡ್ಯಾಡಿ ಅಳಕೋತ ಬರಾಕಿ ನಾ."

ಓಣಿಯವರು ಈ ನಿಯಮವನ್ನು ಬಾಯಿ ಮಾತಿಲ್ಲದೆ ಒಪ್ಪಿಕೊಂಡರು. ಅಂದು ಬಂದ ಅನ್ನ, ಸಾರು, ರೊಟ್ಟಿಯನ್ನೆಲ್ಲ ಹೊರಗೆ ಹಾಸಿ ಎಲ್ಲರೂ ಉಂಡರು. ಸತ್ತವಳೇ ಬಡಿಸಿದಳು.

ಹೀಗೆ ಗುರುಸಂಗಪ್ಪ ನಿತ್ಯ ಬರೆಯುವ ಲೇಖಕನಾದ. ಹಲಗೆಗೆ ಹೋಗಿ ನಿಂತೇ ಬರೆಯುವುದರಿಂದ ಮೇಜಿನ ಕೆಲಸ ಉಳಿಯಲಿಲ್ಲ. ಪಂಥ ಗೆದ್ದರೂ ಕಿಟಕಿಯ ಹತ್ತಿರ ಹೊಲಿಗೆ ಮಷಿನ್ನೇ ಬಂದು ಕೂತಿತು. ಶರೀಫಾಬಿಯ ಕೋಳಿ, ಅಬ್ಬಿಗೇರಿಯ ಎರೆಹೊಲದಲ್ಲಿ ಹೂತುಕೊಂಡ ಟ್ರ್ಯಾಕ್ಟರು, ಸೂಡಿಯ ಬಸ್ಸಿನಲ್ಲಿ ಸೀಟಿಗಾಗಿ ನಡೆದ ಯುದ್ಧ, ಎಲ್ಲವೂ ಹಲಗೆಗೆ ಬಂದವು. ಮನುಷ್ಯರನ್ನು ಮಾತ್ರ ಅವನು ಹೆಸರು ಹಿಡಿದು ಹೊಗಳುತ್ತಿರಲಿಲ್ಲ. ಎದುರು ಸಿಕ್ಕವರೆಲ್ಲ, "ಸಾಹಿತಿಗಳ, ನನ್ನ ಬಗ್ಗೆ ಏನೂ ಬರೀಬ್ಯಾಡ್ರಿ ಮತ್ತ, ಮನ್ಯಾಗ ಸಣ್ಣ ಮಕ್ಕಳದಾವ" ಎಂದು ಕೈಮುಗಿಯುತ್ತಿದ್ದರು.

ಚಳಿಗಾಲದ ಒಂದು ಮುಂಜಾನೆ ಗುರುಸಂಗಪ್ಪನಿಗೆ ನೆಗಡಿ. ರಾಜೂರಿನ ಬಸ್ಸು ಹೋಗಿ ಬಹಳ ಹೊತ್ತಾಗಿದ್ದರೂ ಕಂಬಳಿಯೊಳಗೆ ಬೆಚ್ಚಗಿತ್ತು. ಇವತ್ತೊಂದು ದಿನ ಬಿಟ್ಟರೆ ಏನಾಗುತ್ತದೆ ಎಂಬ ಹಳೆಯ ಗೆಳೆಯನಂಥ ವಿಚಾರ ಬಂದು ಪಕ್ಕದಲ್ಲಿ ಮಲಗಿತು. ನಿರ್ಮಲಾ ಬಂದು ಅಲುಗಾಡಿಸಿದಳು.

"ಏಳ್ರೀ, ಒಂದ ಸಾಲರ ಬರದು ಬರ್ರಿ. ಕಳಕೇಶ ಟೇಪು ಹಿಡಕೊಂಡು ಬಂದು ಬಾಗಲಾಗ ನಿಂತಾನ. ಶರೀಫಾಬಿ ಆಪಾ ಅನ್ನಕ್ಕ ಇಟ್ಟಾಳಂತ. ಭಜನಿಯವರು ದಮ್ಮಡಿ ಬಿಗಿ ಆಗ್ಲಿ ಅಂತ ಬೆಂಕಿಗೆ ಕಾಸಾಕತ್ತಾರ."

ಗುರುಸಂಗಪ್ಪ ಕಂಬಳಿ ಹೊದ್ದುಕೊಂಡೇ ಕಟ್ಟೆಗೆ ಓಡಿದ. ಅವನನ್ನು ನೋಡಿ ಚಪ್ಪಲಿ ಬಿಟ್ಟು ನಿಂತಿದ್ದವರು ನಿರಾಶೆಯಿಂದ ಮತ್ತೆ ಮೆಟ್ಟಿಕೊಂಡರು. ಅವನು ತಲೆಬರಹ ಹಾಕಿ, ಕೆಳಗೆ "ಸೂರ್ಯ ಉದಯಿಸಿದನು" ಎಂದು ಬರೆಯುವಷ್ಟರಲ್ಲಿ ಗಜೇಂದ್ರಗಡದ ಬಸ್ಸಿನಿಂದ ಇಳಿದ ಶೇಖವ್ವ ಓಣಿಗೆ ಬಂದೇಬಿಟ್ಟಳು. ಅಳುತ್ತಿರಲಿಲ್ಲ. ಕಂಕುಳಲ್ಲಿ ಒಂದು ಬುತ್ತಿಗಂಟು ಇತ್ತು. ಹಲಗೆ ನೋಡಿ, ಏನು ಬರೆದಿದೆ ಎಂದು ಕೇಳಿ, "ಇವತ್ತಿಗೆ ಅಷ್ಟ ಸಾಕು" ಎಂದು ಕಟ್ಟೆಯ ಮೇಲೆ ಗಂಟು ಬಿಚ್ಚಿದಳು. ರೊಟ್ಟಿ ಇನ್ನೂ ಮೆತ್ತಗಿತ್ತು, ಮೇಲೆ ಶೇಂಗಾ ಹಿಂಡಿ ಇತ್ತು. ಮೇಲಿನ ರೊಟ್ಟಿಯನ್ನು ಅವನ ಕೈಗೆ ಕೊಟ್ಟಳು.

"ಅತ್ತೀ," ಎಂದ ಗುರುಸಂಗಪ್ಪ, "ಹಲಗಿ ಖಾಲಿ ಐತಿ ಅಂತ ಕೇಳಿ ನಾ ಸತ್ತೀನಿ ಅಂತ ಬಂದಾಕಿ, ನನಗ ರೊಟ್ಟಿ ಯಾಕ ಕಟಗೊಂಡ ಬಂದಿ?"

"ತಿನ್ನು ಸುಮ್ನ," ಎಂದಳು ಶೇಖವ್ವ. "ಸಾಯೂದನ್ನೂ ನೀ ಅರ್ಧಕ್ಕ ಬಿಡ್ತೀ ಅಂತ ಗೊತ್ತಿತ್ತು ನನಗ."